ಸೆರಗಿನ ಹಿಂದಿನ ನಗು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ಕೆಲಸ ಹೋದೀತೆಂಬ ಭಯ, ಆಮೇಲೆ ಹೆಂಡತಿ ಏನೆಂದಾಳೋ ಎಂಬ ಭಯ. ಈಗ ಎರಡೂ ಇಲ್ಲ, ಹೇಳಿಬಿಡುತ್ತೇನೆ.

ಸ್ವಾತಂತ್ರ್ಯ ಬರುವ ಮೊದಲು, ಹೈಸ್ಕೂಲು ಮುಗಿಸಿ ನಾನು ಮದ್ದೂರಿನ ಟೆಂಟ್ ಸಿನಿಮಾ ಸೇರಿದ್ದೆ. ಇದ್ದದ್ದು ಒಂದೇ ಮಿಷನ್ನು. ಒಂದು ರೀಲು ತೆಗೆದು ಇನ್ನೊಂದು ಹಾಕುವವರೆಗೆ ಜನ ಗಲಾಟೆ ಮಾಡದಂತೆ ಪರದೆಯ ಮುಂದೆ ನಿಂತು ನಗಿಸುವುದು ನನ್ನ ಕೆಲಸ. ಮುಗ್ಗರಿಸಿ ಬೀಳುತ್ತಿದ್ದೆ, ಕತ್ತೆಯಂತೆ ಅರಚುತ್ತಿದ್ದೆ. ಮಂಡ್ಯದಿಂದ ಮಳವಳ್ಳಿಯವರೆಗೆ ನನ್ನಂತೆ ನಗಿಸುವವನಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಎಂದರೆ ನಾನೇ.

ಅಲ್ಲಿಗೆ ನಂಜುಂಡಯ್ಯ ಎಂಬ ಸಣಕಲು ಡೈರೆಕ್ಟರು ತಮ್ಮ ಮೊದಲ ಹಾಸ್ಯಚಿತ್ರ ತಂದರು. ಅದರಲ್ಲಿ ಯಾರೂ ಬೀಳುವುದಿಲ್ಲ. ಹೆಣ್ಣು ನೋಡಲು ಬಂದ ಗಂಡಿಗೆ ಕಾಲು ಸಡಿಲವಾದ ಕುರ್ಚಿ ಕೊಡುತ್ತಾರೆ. ಅವನು ಬೀಳದಂತೆ, ಮರ್ಯಾದೆ ಕೆಡದಂತೆ ಉಪ್ಪಿಟ್ಟು ತಿನ್ನುತ್ತಾನೆ, ಅಷ್ಟೇ. "ಮದ್ದೂರು ನಗದಿದ್ದರೆ ನಾನು ಮತ್ತೆ ಡ್ರಾಯಿಂಗ್ ಮೇಷ್ಟ್ರೇ" ಎನ್ನುತ್ತ ಅವರು ನನ್ನ ಪಕ್ಕದಲ್ಲಿ, ಜನರ ಹಿಂದುಗಡೆ ನಿಂತರು.

ಟೆಂಟಿನಲ್ಲಿ ಸದ್ದಿಲ್ಲ. ಗಂಡಸರು ಆ ಕುರ್ಚಿ ಯಾವಾಗ ಮುರಿದೀತೆಂದು ಕಣ್ಣು ಕೀಲಿಸಿ ಕೂತಿದ್ದರು. ಅತ್ತೆ ಮಾವಂದಿರ ಎದುರು ಸೊಸೆಯರು ಹಲ್ಲು ಬಿಡುವಂತಿಲ್ಲವಲ್ಲ, ಹೆಂಗಸರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡು, ತಲೆ ತಗ್ಗಿಸಿ ಭುಜ ಕುಲುಕಿಸುತ್ತಿದ್ದರು. ರೀಲು ಮುಗಿಯಿತು. ನಾನು ಓಡಿಹೋಗಿ ಎಂದಿನಂತೆ ಬಿದ್ದೆ. ಮುಂದೆ ಕೂತಿದ್ದ ದುದ್ದ ಹಳ್ಳಿಯ ಮುದುಕಿಯೊಬ್ಬಳು, "ಅತ್ಲಾಗ್ ಓಗ್ಲಾ ಮೂದೇವಿ! ಆ ಗಂಡು ಬಿದ್ನಾ ಇಲ್ವಾ ನೋಡ್ಬೇಕು" ಎಂದಳು.

ಮೈ ಉರಿಯಿತು. ಹಿಂದಕ್ಕೆ ಬಂದರೆ ಡೈರೆಕ್ಟರು ಕೇಳಿದರು: "ಹೆಂಗಸರು ಯಾಕಪ್ಪಾ ಹಾಗೆ ಕೂತಿದ್ದಾರೆ?"

"ಅಳ್ತಾವ್ರೆ ಸ್ವಾಮಿ" ಎಂದೆ.

ಅವರು ಚೀಲ ಎತ್ತಿಕೊಂಡು ಸ್ಟೇಷನ್ನಿಗೆ ಹೊರಟೇಬಿಟ್ಟರು. ನಾನು ತಡೆಯಲಿಲ್ಲ. ಆಮೇಲೆ ಎಷ್ಟೋ ದಿನ ನಾನು ಸ್ಟೇಷನ್ನಿನ ದಾರಿ ಹಿಡಿಯಲಿಲ್ಲ.

ಪುಣ್ಯಕ್ಕೆ ಅವತ್ತು ರೈಲು ತಡವಾಗಿತ್ತಂತೆ. ಆಟ ಬಿಟ್ಟ ಮೇಲೆ ಮಂಡ್ಯದ ಕಡೆ ಹೊರಟ ಹೊಳಲು ಹಳ್ಳಿಯ ಹೆಂಗಸರು, ಹಿರಿಯರು ದೂರ ಕೂತದ್ದೇ ತಡ, ಪ್ಲಾಟ್‌ಫಾರಂ ಮೇಲೆ ಆ ಕುರ್ಚಿಯ ಗಂಡನ್ನು ಆಡಿ ತೋರಿಸಿ ಹೊಟ್ಟೆ ಹಿಡಿದು ನಕ್ಕರಂತೆ. ಡೈರೆಕ್ಟರು ಅದನ್ನು ಕಣ್ಣಾರೆ ಕಂಡರಂತೆ. ಇದೆಲ್ಲ ನನಗೆ ತಿಳಿದದ್ದು ಅವರು ಎರಡನೆಯ ಚಿತ್ರ ಹೊತ್ತು ಮದ್ದೂರಿಗೆ ಬಂದಾಗ. ನಾನು ಡೇರೆಯ ಕಂಬದ ಹಿಂದೆ ಅಡಗಿದ್ದೆ. ಹುಡುಕಿ ಬಂದು ತಬ್ಬಿಕೊಂಡರು.

"ಭೇಷ್ ಕಣಯ್ಯಾ! ಮುಖ ಒಂಚೂರೂ ಅಲುಗಿಸದೆ ಅಳ್ತಾವ್ರೆ ಅಂದ್ಯಲ್ಲ! ಅಂಥ ಹಾಸ್ಯ ನನ್ನ ಚಿತ್ರದಲ್ಲೂ ಇರಲಿಲ್ಲ."

ಹೋದ ಜೀವ ಬಂದಂತಾಯಿತು. ಕ್ಷಮೆ ಕೇಳಲೆಂದೇ ಬಾಯಿ ತೆರೆದೆ. "ಏನೋ ಸ್ವಾಮಿ, ತಮ್ಮ ಆಶೀರ್ವಾದ" ಎಂದುಬಿಟ್ಟೆ. ಜೀವಮಾನದಲ್ಲಿ ನನ್ನ ಹಾಸ್ಯವನ್ನು ಬೇರೆಯವರು ಹೊಗಳಿದ್ದು ಅದೊಂದೇ ಸಲ, ಕೈಬಿಡಲು ಮನಸ್ಸಾಗಲಿಲ್ಲ. ಅದು ಹಾಸ್ಯವಾಗಿರಲಿಲ್ಲ, ಬರೀ ಹೊಟ್ಟೆಕಿಚ್ಚು. ತಪ್ಪಾಯಿತು. ಹೊಗಳಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಬೇಡಿ, ನಂಜುಂಡಯ್ಯನವರೇ.