ಗಾಣದ ಎಣ್ಣೆಯೂ ಸರ್ಕಾರಿ ರಬ್ಬರೂ

ನಾಚಿಕೆಯ ಮಾತನ್ನು ಗಟ್ಟಿಯಾಗಿ ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುವವಳಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಅವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬೀದಿಯಲ್ಲಿ ಅಡ್ಡ ನಿಲ್ಲುತ್ತವೆ.

ನಾನು ತುರುವೇಕೆರೆ ಸೀಮೆಯ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದೆ. ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿತ್ತು. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಎಂದರೆ ಗಂಡಸರು ಬೇಲಿ ಹಾರಿ ಓಡುತ್ತಿದ್ದ ಕಾಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದ ಜೀಪು ಊರೊಳಗೆ ಬಂದರೆ ಹೆಂಗಸರು, ಮಕ್ಕಳು, ಎಮ್ಮೆಗಳು ಮಾತ್ರ ಉಳಿಯುತ್ತಿದ್ದವು. ಹಾಗಾಗಿ ಮೇಲಿನವರು ಆಪರೇಷನ್ ಮಾತನ್ನು ಬದಿಗಿಟ್ಟು, ‘ನಿರೋಧ್ ಹಂಚಿ’ ಎಂದು ನಮ್ಮ ಚೀಲಗಳಿಗೆ ಪೊಟ್ಟಣ ತುಂಬಿಸಿ ಕಳಿಸಿದರು. ಬಸಿರು ಬೇಡವೆಂದಾಗ ಗಂಡಸು ಹಾಕಿಕೊಳ್ಳುವ ರಬ್ಬರಿನ ಚೀಲ ಅದು. ಹಾಕಿಕೊಳ್ಳಬೇಕಾದವನು ಓಡಿಹೋದ ಮೇಲೆ ಯಾರಿಗೆ ಹಂಚಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಬೀಡಿ ನೆನೆಯಲಿಲ್ಲ

ನನ್ನ ಮೊದಲ ಗಿರಾಕಿ ಊರಿನಲ್ಲಿ ತೆಂಗಿನಕಾಯಿ ಕೀಳುವವನು. ಉಳಿದವರೆಲ್ಲ ಪೊಟ್ಟಣವನ್ನು ಚೇಳು ಕಂಡ ಹಾಗೆ ಕಂಡರೆ ಇವನು ಎರಡೂ ಕೈಯಲ್ಲಿ ಇಸಿದುಕೊಂಡ. ಮುಂದಿನ ವಾರ ತಾನೇ ಬಂದು ಇನ್ನಷ್ಟು ಕೇಳಿದ. ನನಗೆ ಹೆಮ್ಮೆಯೋ ಹೆಮ್ಮೆ. ಓದುಬರಹ ಬಂದವರಿಗಿಲ್ಲದ ತಿಳಿವಳಿಕೆ ಇವನಿಗಿದೆಯಲ್ಲ ಎಂದು ಕೇಂದ್ರದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಒಂದು ದಿನ ಸೋನೆ ಹಿಡಿದಿತ್ತು. ಅವನು ಮರದಿಂದ ಇಳಿದವನೇ ನನ್ನೆದುರೇ ಸೊಂಟಕ್ಕೆ ಕೈ ಹಾಕಿ ಒಂದು ನಿರೋಧ್ ತೆಗೆದ. ಬಾಯಿಗೆ ದಾರ ಬಿಗಿದಿತ್ತು. ದಾರ ಬಿಚ್ಚಿ ಒಳಗಿನಿಂದ ಬೀಡಿ ತೆಗೆದ, ಬೆಂಕಿಪೊಟ್ಟಣ ತೆಗೆದ.

“ಇದಕ್ಕೇನಯ್ಯ ನಾನು ಕೊಟ್ಟಿದ್ದು?” ಎಂದೆ.

“ಭೋ ಪಸಂದಾಗೈತೆ ನರ್ಸಮ್ಮೋರೆ. ಎಂಥಾ ಮಳೆ ಉಯ್ಲಿ, ಒಂದು ತೊಟ್ಟು ನೀರು ಆ ಕಡೆಯಿಂದ ಈ ಕಡೆಗೆ ದಾಟಕ್ಕಿಲ್ಲ.”

“ಅದನ್ನೇ ಕಣಪ್ಪ ನಾನು ಮನೆಮನೆಗೂ ಹೇಳ್ಕೊಂಡು ತಿರುಗ್ತಿರೋದು!”

ಮರದ ಜೊತೆ ಮಾತು

ಇದು ನಗುವ ವಿಷಯವಾಗಿಯೇ ಉಳಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ಊರಿನಲ್ಲಿ ಒಬ್ಬ ತೋಟದ ಯಜಮಾನನಿದ್ದ. ಒಳ್ಳೆಯ ಮನುಷ್ಯ, ಒಳ್ಳೆಯ ತೆಂಗು, ಅಟ್ಟದ ತುಂಬ ಕೊಬ್ಬರಿ. ಅವನ ಹೆಂಡತಿಗೆ ಮೂರನೆಯ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಬೇರೆ ಗಾಡಿ ಸಿಗದೆ ಕೊಬ್ಬರಿ ಲಾರಿಯಲ್ಲಿ, ಮೂಟೆಗಳ ಮೇಲೆ ಅವಳನ್ನು ಮಲಗಿಸಿಕೊಂಡು ತಿಪಟೂರಿಗೆ ಹೋದವಳು ನಾನೇ. ಅವಳು ಬದುಕಿದಳು. ಆದರೆ ಅಲ್ಲಿನ ಲೇಡಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಈಗ ಇವಳು ಇನ್ನೊಂದು ಬಸಿರಾದರೆ ಉಳಿಯೋದಿಲ್ಲ. ಆಪರೇಷನ್ ಮಾಡೋಕೆ ಮೈಯಲ್ಲಿ ರಕ್ತ ಇಲ್ಲ, ಗರ್ಭದೊಳಗೆ ವಂಕಿ ಹಾಕೋ ಹಾಗೂ ಇಲ್ಲ. ಮೈ ಸುಧಾರಿಸೋವರೆಗೆ ನೀವೇ ನೋಡ್ಕೊಳ್ಳಿ,” ಎಂದರು.

ನಾನು ನೋಡಿಕೊಳ್ಳುವುದೇನು, ನೋಡಿಕೊಳ್ಳಬೇಕಾದವನು ಗಂಡ. ಅವನಿಗೆ ಆಪರೇಷನ್ ಮಾಡಿಸೋಣವೆಂದರೆ ಆ ಮಾತೆತ್ತಿದ ದಿನವೇ ಅರಳಗುಪ್ಪೆಯ ನೆಂಟರ ಮನೆ ಸೇರಿ ವಾರಗಟ್ಟಲೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಉಳಿದದ್ದು ನನ್ನ ಚೀಲದ ಪೊಟ್ಟಣವೊಂದೇ.

ಕೊಟ್ಟೆ. ಎರಡು ವಾರ ಬಿಟ್ಟು ವಿಚಾರಿಸಲು ಹೋದೆ. ಹೆಂಗಸಿನ ಮುಖ ನೋಡಿಕೊಂಡು ಇಂಥ ಮಾತಾಡಲು ಯಜಮಾನನಿಗೆ ಸಂಕೋಚ. ಮನೆ ಮುಂದಿನ ತೆಂಗಿನ ಮರದ ಕಡೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು ನಿಂತ.

“ಅದ್ರಾಗೆ ಏನೂ ಇಲ್ಲ ಬುಡಿ ನರ್ಸಮ್ಮೋರೆ,” ಎಂದು ಮರಕ್ಕೆ ಹೇಳಿದ. “ಎಳನೀರು ಬುರುಡೆನ ಹೊರಗಿಂದ ನೆಕ್ಕಿದಂಗೆ. ಒಳಗೆ ನೀರೈತೆ ಅಂತ ಗೊತ್ತು. ನಾಲ್ಗೆಗೆ ಸಿಗೋದು ಸಿಪ್ಪೆ.”

ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು, “ಅವ್ರ ರುಚಿ ಮನೆ ಹಾಳಾಗ್ಲಿ ನರ್ಸಮ್ಮ, ನಂಗೆ ಉರಿ. ಒಣ ಮಟ್ಟೆ ಹಾಕಿ ಉಜ್ಜಿದಂಗೆ ಆಯ್ತದೆ,” ಎಂದಳು.

ನನಗೆ ಸಿಟ್ಟು ಬಂತು. ಹೊರಗೆ ಬಂದು ನಾನೂ ಆ ಮರಕ್ಕೇ ಕೇಳಿದೆ: “ಏನಪ್ಪ, ನಿನಗೆ ಹೆಂಡತಿ ಬೇಕೋ, ಸುಖ ಬೇಕೋ?”

ಯಜಮಾನ ಉಗುರಿನಿಂದ ಮರದ ತೊಗಟೆ ಕೆರೆದ. ಆಮೇಲೆ ತಿರುಗದೆಯೇ, “ಎರಡೂ ಒಂದೇ ಕಡೆ ಇರೋದಲ್ವ ನರ್ಸಮ್ಮೋರೆ,” ಎಂದ.

ಇಲಾಖೆಗೆ ಬರುವುದಿಲ್ಲ

ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಅದಕ್ಕೆ ಉತ್ತರ ನನ್ನ ಟ್ರೈನಿಂಗಿನಲ್ಲಿ ಇರಲಿಲ್ಲ. ಅಷ್ಟರಲ್ಲಿ ತುಮಕೂರಿನಿಂದ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಭಾಷಣಕ್ಕೆ ಬಂದರು. ಶಾಲೆಯ ಜಗಲಿಯಲ್ಲಿ ಸಭೆ. ಓಡಿಹೋಗದಿರಲಿ ಎಂದು ಮೊದಲೇ ಕಾಫಿ, ಖಾರಾಬೂಂದಿ ಎಂದು ಸಾರಿಸಿದ್ದರಿಂದ ಗಂಡಸರು ತಕ್ಕಮಟ್ಟಿಗೆ ಸೇರಿದ್ದರು.

ಸಾಹೇಬರು ದೇಶದ ಆಹಾರ ಸಮಸ್ಯೆ ಹೇಳಿದರು, ವಸತಿ ಸಮಸ್ಯೆ ಹೇಳಿದರು, ರೈಲಿನಲ್ಲಿ ಕೂರಲು ಜಾಗ ಸಿಗದ ಸಮಸ್ಯೆಯನ್ನೂ ಹೇಳಿದರು. ನಿರೋಧ್ ಹಾಕಿಕೊಳ್ಳುವವನು ಎಳನೀರಿನ ಬಗ್ಗೆ ಯೋಚಿಸಬಾರದು, ರೈಲಿನ ಬಗ್ಗೆ ಯೋಚಿಸಬೇಕು ಎಂಬ ಧಾಟಿ. ಕೊನೆಗೆ, “ಏನಾದರೂ ಸಂಶಯ ಇದ್ದರೆ ಕೇಳಿ,” ಎಂದರು.

ನಮ್ಮ ಯಜಮಾನ ಎದ್ದ. ಹತ್ತಿರದಲ್ಲಿ ಮರ ಇರಲಿಲ್ಲ. ಜಗಲಿಯ ಕಂಬದ ಕಡೆ ತಿರುಗಿ ಕೇಳಿದ: “ಸ್ವಾಮಿ, ನೀವು ಹೇಳ್ದಂಗೆ ಹಾಕ್ಕಂತೀವಿ. ಹಾಕ್ಕಂಡ ಮೇಲೂ ಗಂಡ ಹೆಂಡ್ರಿಗೆ ಒಸಿ ಸುಖ ಸಿಗೋ ಹಂಗೆ ಏನಾರ ದಾರಿ ಐತಾ?”

ಸಭೆ ನಗಲಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು. ಸಾಹೇಬರು ಕೈಯಲ್ಲಿದ್ದ ಕಾಗದಗಳನ್ನು ತಿರುವಿ ನೋಡಿದರು, ನೀರು ಕುಡಿದರು, ಕನ್ನಡಕ ಒರೆಸಿಕೊಂಡರು.

“ಸುಖ ನಮ್ಮ ಇಲಾಖೆಗೆ ಬರೋದಿಲ್ಲ,” ಎಂದರು. “ನಮ್ಮದು ಜನಸಂಖ್ಯೆ ಮಾತ್ರ.”

ಸಾಹೇಬರಿಗೆ ಐದು ಮಕ್ಕಳು, ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಐದನೆಯದು ಅವರು ಈ ಇಲಾಖೆಗೆ ಬಂದ ಮೇಲೆ ಹುಟ್ಟಿದ್ದು.

ನಮ್ಮ ತೋಟದ್ದೇ

ಆ ಸಭೆಯಾದ ಸ್ವಲ್ಪ ದಿನಕ್ಕೆ ಊರಿನಲ್ಲಿ ಒಂದು ಪವಾಡವಾಯಿತು. ಯಜಮಾನ ತಾನೇ ಕೇಂದ್ರಕ್ಕೆ ಬಂದು ಪೊಟ್ಟಣ ಕೇಳಿದ. ಅವನ ಹಿಂದೆ ಅವನ ಬೀದಿಯ ಇನ್ನೂ ಕೆಲವರು ಬಂದರು. ಬೀಡಿ ಸೇದದವರೂ ಇದ್ದುದರಿಂದ ನನಗೆ ಧೈರ್ಯ ಬಂತು. ಅವನ ಹೆಂಡತಿ ಬಾವಿಯ ಹತ್ತಿರ ಸಿಕ್ಕಾಗ ಉರಿಯ ಮಾತೇ ಎತ್ತಲಿಲ್ಲ, ಸುಮ್ಮನೆ ನಕ್ಕಳು.

“ಏನು ಯಜಮಾನ್ರೇ, ಈಗ ಸಿಪ್ಪೆ ಸಿಹಿಯಾಯ್ತಾ?” ಎಂದು ಅವರ ಮನೆ ಮುಂದೆಯೇ ನಿಂತು ಕೇಳಿದೆ.

ಅವನು ಮರದ ಕಡೆ ತಿರುಗಿದ. ಆದರೆ ಈ ಸಲ ಬೆನ್ನಿನಲ್ಲೂ ಹೆಮ್ಮೆ ಕಾಣುತ್ತಿತ್ತು. “ಸಾಹೇಬ್ರಿಗೆ ಗೊತ್ತಿಲ್ದಿದ್ರೆ ನಮಗೆ ಗೊತ್ತಿಲ್ವ? ಒಣಗಿದ್ರೆ ತಾನೆ ಉರಿ? ಒಸಿ ಕೊಬ್ರಿ ಎಣ್ಣೆ ಹಚ್ದೆ. ಅಂಗಡೀದಲ್ಲ ನರ್ಸಮ್ಮೋರೆ, ನಮ್ಮ ತೋಟದ್ದೇ, ಗಾಣದ್ದು. ಬೀದಿಯೋರಿಗೆಲ್ಲ ನಾನೇ ಹೇಳ್ಕೊಟ್ಟೀನಿ.”

ಅವನ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಬೀಗ ತಿರುಗದಿದ್ದರೆ ಕೊಬ್ಬರಿ ಎಣ್ಣೆ, ಕಿವಿ ನೋವಾದರೆ ಕೊಬ್ಬರಿ ಎಣ್ಣೆ, ಚಪ್ಪಲಿ ಕಚ್ಚಿದರೆ ಕೊಬ್ಬರಿ ಎಣ್ಣೆ, ಮಗು ಅತ್ತರೆ ಮೊದಲು ನೆತ್ತಿಗೆ ಕೊಬ್ಬರಿ ಎಣ್ಣೆ, ಆಮೇಲೆ ಹಾಲು. ಇದಕ್ಕೊಂದು ಬೇಡವೆಂದು ಅವನಿಗೆ ಯಾರು ಹೇಳಿದ್ದರು? ಆದರೆ ಹೆರಿಗೆ ಮಾಡಿಸುವ ನಮ್ಮ ರಬ್ಬರ್ ಗ್ಲೌಸಿಗೆ ಎಣ್ಣೆ ತಾಗಿದರೆ ಅದು ಎಷ್ಟು ಬೇಗ ಹಾಳಾಗುತ್ತದೆಂದು ನಾನು ಕಣ್ಣಾರೆ ಕಂಡವಳು. ನಿರೋಧೂ ಅದೇ ರಬ್ಬರು.

ಓಡಿ ಒಳಗೆ ಹೋದೆ. ಕೇಳುವ ಮೊದಲೇ ಅವಳು ಮೆಲ್ಲಗೆ, “ಈ ತಿಂಗಳು ಇನ್ನೂ ಆಗಿಲ್ಲ ನರ್ಸಮ್ಮ. ದಿನ ದಾಟೈತೆ,” ಎಂದಳು.

ಅವತ್ತು ನಾನು ಆ ಯಜಮಾನನಿಗೆ ಬೈದಷ್ಟು ನನ್ನ ಜೀವಮಾನದಲ್ಲಿ ಯಾರಿಗೂ ಬೈದಿಲ್ಲ. ಅವನು ಕಕ್ಕಾಬಿಕ್ಕಿಯಾಗಿ ಮರ ಹಿಡಿದುಕೊಂಡು ನಿಂತುಬಿಟ್ಟ. ಆಮೇಲಿನ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಕೊಬ್ಬರಿ ಲಾರಿಯ ಸದ್ದು ಕೇಳಿದರೆ ಹೊರಗೆ ಓಡಿಬಂದು ನೋಡುತ್ತಿದ್ದೆ. ದಿನಾ ಏನಾದರೂ ನೆಪ ಮಾಡಿಕೊಂಡು ಅವರ ಬೀದಿಗೆ ಹೋಗುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅವಳು ಹಿತ್ತಲ ಬಾಗಿಲಿನಿಂದಲೇ ಕೈ ಬೀಸಿ, “ಆಯ್ತು ನರ್ಸಮ್ಮ, ಹೊರಗಾದೆ,” ಎಂದಳು. ನಾನು ಅವರ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ಅವಳ ಅತ್ತೆ, ಹಣ್ಣು ಹಣ್ಣು ಮುದುಕಿ, ಗಾಬರಿಯಿಂದ ಬಂದು, “ಯಾರು ಹೋಗ್ಬುಟ್ರು ಮಗ?” ಎಂದಿತು.

“ಯಾರೂ ಹೋಗಲಿಲ್ಲ ಅಜ್ಜಿ, ಅದಕ್ಕೇ ಅಳ್ತಿದ್ದೀನಿ,” ಎಂದೆ.

ಎಣ್ಣೆಯ ಮರ್ಯಾದೆ

ಎಣ್ಣೆ ತಾಗಿದರೆ ರಬ್ಬರು ಹರಿಯುತ್ತದೆಂದು ಹೆಂಡತಿಗೆ ಅರ್ಥವಾಯಿತು. ಯಜಮಾನನಿಗೆ ಆಗಲಿಲ್ಲ. “ಏನಾನ ಅನ್ನಿ, ನಮ್ಮ ಎಣ್ಣೆ ಮೇಲೆ ಮಾತ್ರ ಅಪವಾದ ಹೊರಿಸ್ಬ್ಯಾಡಿ,” ಎಂದ. ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು. ಎಣ್ಣೆ ಹಚ್ಚುವ ಬೀದಿಯವರನ್ನೆಲ್ಲ ಯಜಮಾನನ ಜಗಲಿಗೆ ಕರೆಸಿದೆ. ಒಂದು ನಿರೋಧನ್ನು ಬಿಡಿಸಿ, ಬಾಯಿಟ್ಟು ಊದಿ, ಗಂಟು ಕಟ್ಟಿ, ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಅದೇನೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಅಜ್ಜಿ, ನಿಮ್ಮ ತಲೆಗೆ ಹಚ್ಚೋ ಎಣ್ಣೆ ಒಸಿ ಇದಕ್ಕೂ ಸವರಿ.”

ಅಜ್ಜಿ ಮೊಮ್ಮಗುವಿಗೆ ಎರೆಯುವ ಮೊದಲು ತಿಕ್ಕುವ ಹಾಗೆ ಮಮತೆಯಿಂದ ಸವರಿತು. ಗಂಡಸರೆಲ್ಲ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದರು. ಯಜಮಾನ, “ಏನೂ ಆಗಕ್ಕಿಲ್ಲ ನೋಡ್ತಿರಿ,” ಎನ್ನುತ್ತ ಎಲೆಗೆ ಸುಣ್ಣ ಹಚ್ಚಿಕೊಂಡ. ಅದನ್ನು ಬಾಯಿಗಿಡುವ ಮೊದಲೇ ಢಬ್ ಎಂದಿತು. ಒಬ್ಬ ಜಗಲಿಯಿಂದ ಕೆಳಕ್ಕೆ ಹಾರಿದ. ಅಜ್ಜಿ ಬರಿಗೈ ನೋಡಿಕೊಂಡಿತು.

ಪಾಠ ತಲೆಗೆ ಹೋಯಿತೆಂದು ನಾನು ಸಮಾಧಾನಪಟ್ಟೆ. ಯಜಮಾನ ಪಕ್ಕದವನ ಭುಜ ತಟ್ಟಿ, “ನೋಡ್ದೇನ್ಲಾ, ನಮ್ಮ ತೋಟದ ಎಣ್ಣೆ ತಾಕತ್ತು!” ಎಂದ.

ಅಂತೂ ತಾಕತ್ತಿನ ಎಣ್ಣೆಯನ್ನು ತಲೆಗೇ ಇಟ್ಟುಕೊಳ್ಳಲು ಒಪ್ಪಿದರು. ಅದರ ಬದಲಿಗೆ ನಾನು ಕೇಂದ್ರದಿಂದ ಜೆಲ್ಲಿಯ ಟ್ಯೂಬು ತಂದುಕೊಟ್ಟೆ. ಒಳಪರೀಕ್ಷೆ ಮಾಡುವಾಗ ಗ್ಲೌಸಿನ ಮೇಲೆ ಹಚ್ಚುವಂಥದ್ದು, ನೀರಿನಲ್ಲಿ ಕರಗುತ್ತದೆ, ರಬ್ಬರಿಗೆ ಏನೂ ಮಾಡುವುದಿಲ್ಲ. ಯಜಮಾನನ ಹೆಂಡತಿಯನ್ನು ಅಡಿಗೆ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದೆ: “ಹಾಕೋ ಕೆಲಸ ಅವರ ಕೈಗೆ ಬಿಡಬೇಡ, ನೀನೇ ಮಾಡು. ತುದಿ ಚಿವುಟಿ ಹಿಡ್ಕೋ, ಗಾಳಿ ನಿಲ್ಲಬಾರದು. ಒಳಗೆ ಒಂದೇ ಹನಿ ಜೆಲ್ಲಿ, ಹೊರಗೆ ಧಾರಾಳವಾಗಿ. ಬಸ್ಸು ಹೊರಟುಹೋಗುತ್ತೆ ಅನ್ನೋ ಹಾಗೆ ಅವಸರ ಮಾಡಬೇಡಿ. ನಿನಗೆ ಹೇಗೆ ಹಿತ ಅಂತ ಬಾಯಿ ಬಿಟ್ಟು ಹೇಳು.”

ಅವಳು ಸೆರಗಿನೊಳಗೇ ನಗುತ್ತ ಕೇಳಿದಳು: “ಇಷ್ಟೆಲ್ಲ ಸರ್ಕಾರದೋರು ಹೇಳ್ಕೊಡ್ತಾರಾ ನರ್ಸಮ್ಮ?”

“ಇಲ್ಲ ಕಣೆ. ಅವರಿಗೆ ಇದು ಗೊತ್ತಿದ್ದಿದ್ದರೆ ಅಷ್ಟು ಮುಖ ಗಂಟು ಹಾಕ್ಕೊಂಡು ಯಾಕಿರ್ತಿದ್ರು?”

ಸಾಹೇಬರಿಗೊಂದು ಮರ

ವರ್ಷ ಕಳೆಯುವುದರೊಳಗೆ ಕೇಂದ್ರದ ಜೆಲ್ಲಿಯೆಲ್ಲ ಹೆಚ್ಚುಕಡಿಮೆ ಮುಗಿಯಿತು. ಸಾಹೇಬರು ಜೀಪಿನಲ್ಲಿ ಬಂದಿಳಿದರು.

“ಒಳಪರೀಕ್ಷೆಗೆ ಕೊಟ್ಟ ಜೆಲ್ಲೀನ ಊರವರಿಗೆ ಹಂಚಿದ್ದೀರಂತೆ? ಯಾರ ಅಪ್ಪಣೆ?”

“ನೀವೇ ಬಂದು ನೋಡಿ ಸಾರ್,” ಎಂದು ಯಜಮಾನನ ಮನೆಗೆ ಕರೆದುಕೊಂಡು ಹೋದೆ. ಕೆಲಸ ಹೋದರೆ ಹೋಗಲಿ ಎಂದೇ ಹೊರಟಿದ್ದೆ.

ಅವನ ಹೆಂಡತಿ ಎಳನೀರು ತಂದುಕೊಟ್ಟಳು. ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿದ್ದ ಮುಖದಲ್ಲಿ ಈಗ ರಕ್ತ ಆಡುತ್ತಿತ್ತು. ಮುಂದಿನ ತಿಂಗಳು ಆಪರೇಷನ್ ಮಾಡಬಹುದು ಎಂದು ತಿಪಟೂರಿನ ಡಾಕ್ಟರು ಹೇಳಿದ್ದರು. ಯಜಮಾನ ಹೊರಗೆ ಬಂದ. ಮರದ ಕಡೆ ತಿರುಗುತ್ತಾನೆಂದು ನಾನು ಕಾದೆ. ತಿರುಗಲಿಲ್ಲ. ಸಾಹೇಬರ ಮುಖವನ್ನೇ ನೋಡುತ್ತ ಹೇಳಿದ:

“ಸ್ವಾಮಿ, ಅವತ್ತು ನಾನು ಕೇಳಿದ್ದು ನಿಮ್ಮ ಇಲಾಖೇದಲ್ಲ ಅಂದ್ರಿ. ನರ್ಸಮ್ಮೋರು ಹಂಗನ್ನಲಿಲ್ಲ. ಅದಕ್ಕೇ ಇವ್ಳು ಇವತ್ತು ನಿಮಗೆ ಎಳನೀರು ಕೊಡ್ತಾವ್ಳೆ.” ಆಮೇಲೆ ನನ್ನ ಕಡೆ ಬಗ್ಗಿ, “ಆಪರೇಸನ್ ಆದ್ಮೇಲೂ ಜೆಲ್ಲಿ ಕೊಡ್ತೀರಾ ಹೆಂಗೆ?” ಎಂದು ಕೇಳಿದ.

ಸಾಹೇಬರು ಎಳನೀರು ಕುಡಿದು ಮುಗಿಸಿದರು. ಬುರುಡೆಯನ್ನು ಕೆಳಗಿಟ್ಟು, ಕೈ ಹಿಂದೆ ಕಟ್ಟಿಕೊಂಡು ತೋಟದ ಕಡೆ ನಾಲ್ಕು ಹೆಜ್ಜೆ ಹೋದರು. ಅಲ್ಲಿಂದ, “ಸಿಸ್ಟರ್, ಇಲ್ಲಿ ಬನ್ನಿ,” ಎಂದು ಕರೆದರು. ಸಸ್ಪೆನ್ಷನ್ನೇ ಸರಿ ಎಂದುಕೊಂಡು ಹೋದೆ.

ಸಾಹೇಬರು ಒಂದು ತೆಂಗಿನ ಮರದ ಕಡೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು ನಿಂತಿದ್ದರು.

“ಆ ಜೆಲ್ಲಿ,” ಎಂದು ಮರಕ್ಕೆ ಹೇಳಿದರು, “ಇನ್ನೊಂದು ಟ್ಯೂಬು ಉಳಿದಿದೆಯಾ? ಅಧ್ಯಯನಕ್ಕೆ ಬೇಕಾಗಿತ್ತು.”

“ಇದೆ ಸಾರ್,” ಎಂದು ನಾನೂ ಮರಕ್ಕೇ ಹೇಳಿದೆ.

ಅಷ್ಟು ಮೆಲ್ಲಗೆ ಆಡಿದ ಮಾತು ಯಜಮಾನನಿಗೆ ಕೇಳಿಸಿತೋ, ಆ ನಿಲುವು ನೋಡಿಯೇ ಗೊತ್ತಾಯಿತೋ, ಜಗಲಿಯಿಂದ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ:

“ಸ್ವಾಮಿ, ಕೊಬ್ರಿ ಎಣ್ಣೆ ಮಾತ್ರ ಮುಟ್ಬ್ಯಾಡಿ! ಆರನೇದು ಆಗೋಯ್ತದೆ!”