ಅಮ್ಮಾರು ಒತ್ತಾಯ ಮಾಡಲು ಕಲಿತದ್ದು

ಪರದೇಶದವರು ನಮ್ಮೂರಲ್ಲಿ ಮನೆ ಮಾಡಿದರೆಂದರೆ ದಿನಕ್ಕೊಂದು ಪ್ರಸಂಗ ತಾನಾಗಿಯೇ ಹುಟ್ಟುತ್ತದೆ, ಯಾರೂ ಹುಟ್ಟಿಸಬೇಕಾಗಿಲ್ಲ. ತೊಂಬತ್ತರ ದಶಕದ ನಡುವೆ ಫಿನ್‌ಲೆಂಡಿನಿಂದ ಒಬ್ಬ ಪಾದ್ರಿ, ಅವರ ಹೆಂಡತಿ ಮತ್ತು ಆರು ವರ್ಷದ ಮಗಳು ಬಂದು ಕೊಟ್ಟೂರಿನಲ್ಲಿ ನಾಲ್ಕು ವರ್ಷ ಇದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳ ಪುಟ್ಟ ಪುಟ್ಟ ಕ್ರೈಸ್ತ ಸಭೆಗಳಿಗೆ ಅವರೊಬ್ಬರೇ ಪಾದ್ರಿ. ಅವರನ್ನು ನಾವು ಅಯ್ಯಾರು ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಅಮ್ಮಾರು. ನಾನು ಆಗ ಅಲ್ಲಿ ಹೈಸ್ಕೂಲು ಮೇಷ್ಟ್ರು. ಸಭೆಯಲ್ಲಿ ಇಂಗ್ಲಿಷಿನ ನಾಲ್ಕು ಮಾತು ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ, ಅವರಿಗೆ ಊರಿನ ರೀತಿ ರಿವಾಜು ತಿಳಿಸಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಆ ಕೆಲಸವನ್ನು ನಾನು ಎಷ್ಟು ಕೆಟ್ಟದಾಗಿ ಮಾಡಿದೆ ಎನ್ನುವುದೇ ಮುಂದಿನ ಕಥೆ.

ಅವರು ಬೆಂಗಳೂರಿನಲ್ಲಿ ಒಂದು ವರ್ಷ ಕನ್ನಡ ಕಲಿತೇ ಬಂದಿದ್ದರು. ಆದರೆ ಅದು ಪುಸ್ತಕದ ಕನ್ನಡ. "ನೀರನ್ನು ದಯಪಾಲಿಸಿರಿ" ಎಂದು ಅಮ್ಮಾರು ಕೇಳಿದರೆ ನೀರು ಕೊಡುವವರು ಪ್ರಾರ್ಥನೆಯೆಂದುಕೊಂಡು ಒಂದು ಕ್ಷಣ ಎದ್ದು ನಿಲ್ಲುತ್ತಿದ್ದರು. ಬಾಡಿಗೆಗೆ ಸಿಕ್ಕಿದ್ದು ಶೇಂಗಾ ವ್ಯಾಪಾರಿಯೊಬ್ಬರ ಮನೆಯ ಹಿಂಭಾಗ. ಮುಂದಿನ ಭಾಗದಲ್ಲಿ ವ್ಯಾಪಾರಿಯ ತಾಯಿ ಇದ್ದರು. ಮಡಿವಂತ ಮುದುಕಿ. ಹೊರಗೆ ಎಲ್ಲೂ ಹನಿ ನೀರು ಮುಟ್ಟದವರು, ಬೀಗರ ಮನೆಗೆ ಹೋದರೂ ಬುತ್ತಿ ಕಟ್ಟಿಕೊಂಡೇ ಹೋಗುವವರು.

ಅಮ್ಮಾರಿಗೆ ಇದ್ದದ್ದು ಒಂದೇ ಆಸೆ. ಕೊಟ್ಟೂರು ಸಭೆಯ ಹನ್ನೊಂದು ಮನೆಯವರು ತಮ್ಮ ಮನೆಯಲ್ಲಿ ಕೂತು ಒಂದು ಸಲ ಹೊಟ್ಟೆ ತುಂಬ ಉಣ್ಣಬೇಕು. ಅಷ್ಟಾದರೆ ಈ ಊರು ತಮ್ಮನ್ನು ಒಳಗೆ ಕರೆದುಕೊಂಡಿತು ಎಂದು ಅವರ ಲೆಕ್ಕ. ಬಹಳ ಸಣ್ಣ ಆಸೆ ಎಂದು ನಾವೂ ತಿಳಿದಿದ್ದೆವು.

೧. ಮತ್ತೆ ಹಸಿವಾಯಿತೇ?

ಬಂದ ತಿಂಗಳಿಗೆ, ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಅಮ್ಮಾರು ನಮ್ಮಲ್ಲಿ ಆರು ಮಂದಿಯನ್ನು ಊಟಕ್ಕೆ ಕರೆದರು. ಬೆಳಗಿನ ಜಾವಕ್ಕೇ ಎದ್ದು ಕೋಳಿ ಬೇಯಿಸಿದ್ದರು, ಆಲೂಗಡ್ಡೆ ಮಾಡಿದ್ದರು, ಕೈಯಾರೆ ಬ್ರೆಡ್ಡು ಸುಟ್ಟಿದ್ದರು. ವಾಸನೆಗೆ ನಮ್ಮ ಹೊಟ್ಟೆಗಳು ಕೀರ್ತನೆ ಹಾಡುತ್ತಿದ್ದವು. ಅಮ್ಮಾರು ಬಂದು ಕೇಳಿದರು, "ಊಟವನ್ನು ಬಡಿಸಲೇ?"

ನಾನು ಹಿರಿಯನಂತೆ ಹೇಳಿದೆ, "ಬ್ಯಾಡ್ರಿ ಅಮ್ಮಾರ, ಈಗ ಉಂಡ ಬಂದೀವಿ."

ಉಳಿದ ಐವರೂ ಅದನ್ನೇ ಹೇಳಿದರು. ನಮ್ಮ ಕಡೆ ಹಸಿದವರು ಹೇಳುವ ಮಾತೇ ಅದು. ಅದಾದ ಮೇಲೆ ಮನೆಯವರು ಬೈದು, ಕೈ ಹಿಡಿದು ಎಳೆದು, ಎಲೆ ಮುಂದೆ ಕೂರಿಸಬೇಕು. ಆದರೆ ಫಿನ್‌ಲೆಂಡಿನಲ್ಲಿ ಬೇಡ ಅಂದರೆ ಬೇಡ. ಅಮ್ಮಾರು "ಓಹೋ, ಒಳ್ಳೆಯದು" ಎಂದು ಪಾತ್ರೆಗಳನ್ನೆಲ್ಲ ಒಳಗಿಟ್ಟು, ಚಹಾ ತಂದು, "ಚಹಾ?" ಎಂದರು. ಅಭ್ಯಾಸಬಲದಿಂದ ಅದಕ್ಕೂ "ಬ್ಯಾಡ್ರಿ" ಎಂದೆವು. ಅದೂ ಒಳಗೆ ಹೋಯಿತು.

ಪ್ರಾರ್ಥನೆ ಮಾಡಿ ಎದ್ದು, ಆರೂ ಮಂದಿ ನೇರ ಬಸ್ ಸ್ಟ್ಯಾಂಡಿನ ಹೋಟೆಲಿಗೆ ನಡೆದೆವು. ದಾರಿಯುದ್ದಕ್ಕೂ ನನ್ನ ಹೆಂಡತಿಯದು ಒಂದೇ ಪ್ರಶ್ನೆ, "ಮೊದಲು ಬ್ಯಾಡ ಅಂದವ್ರು ಯಾರು?" ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಂಡು ಎರಡೂ ಕೈಯಿಂದ ಬಾಚುತ್ತಿರುವಾಗ ಅಯ್ಯಾರು ಆ ಕಡೆ ಹಾದುಹೋದರು. ನಮ್ಮನ್ನು ನೋಡಿ ನಿಂತರು. ಸ್ವಲ್ಪವೂ ಕೊಂಕಿಲ್ಲದೆ, ತುಂಬ ಕಾಳಜಿಯಿಂದ ಕೇಳಿದರು:

"ಮತ್ತೆ ಹಸಿವಾಯಿತೇ?"

೨. ಇಲ್ಲೇ

ಅವರ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ. ಅಯ್ಯಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕಾರಣ, ಬೀದಿಯ ಪ್ರತಿಯೊಬ್ಬರೂ "ಎಲ್ಲಿಗ್ರೀ ಅಯ್ಯಾರ?" ಎನ್ನುತ್ತಿದ್ದರು, ಅಯ್ಯಾರು ಪ್ರತಿಯೊಬ್ಬರಿಗೂ ನಿಂತು ಉತ್ತರ ಕೊಡುತ್ತಿದ್ದರು. "ನಾನು ಹಡಗಲಿಗೆ ಹೋಗುತ್ತಿದ್ದೇನೆ. ಅಲ್ಲಿ ಒಬ್ಬ ವೃದ್ಧರು ಅಸ್ವಸ್ಥರಾಗಿದ್ದಾರೆ. ಅವರನ್ನು ಕಂಡು, ಸಂಜೆಯ ಬಸ್ಸಿನಲ್ಲಿ ಹಿಂತಿರುಗುವೆನು." ಚಹದಂಗಡಿಯವನಿಗೆ ಒಮ್ಮೆ, ಇಸ್ತ್ರಿಯವನಿಗೆ ಒಮ್ಮೆ. ಕ್ಷೌರದಂಗಡಿಯವನಂತೂ ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಹಾಗೇ ಬಿಟ್ಟು ಹೊರಗೆ ಬಂದು ಕೇಳಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ನಾನು ತಿಳಿಸಿ ಹೇಳಿದೆ: "ಅಯ್ಯಾರ, ಅದು ಪ್ರಶ್ನೆ ಅಲ್ಲ, ನಮಸ್ಕಾರ ಇದ್ದಂಗ. ಗದ್ದ ಮ್ಯಾಲೆತ್ತಿ 'ಇಲ್ಲೇ' ಅಂತ ಅಂದು ನಡೀತಾ ಇರ್ರಿ. ಯಾರೂ ಮುಂದ ಕೇಳಂಗಿಲ್ಲ."

ಮರುದಿನ ಅವರು ಎಂಟೇ ನಿಮಿಷಕ್ಕೆ ಬಸ್ ಸ್ಟ್ಯಾಂಡು ಮುಟ್ಟಿದರು. ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತರು. ಕಂಡಕ್ಟರು ಬಂದು "ಎಲ್ಲಿಗ್ರಿ?" ಎಂದ. ಅಯ್ಯಾರು ಗದ್ದ ಮೇಲೆತ್ತಿದರು. "ಇಲ್ಲೇ."

"ಇಲ್ಲೇ ಅಂದ್ರ ಇಳೀರಿ ಮತ್ತ, ಬಸ್ಸು ಹೊಂಟೈತಿ!"

ಸಭ್ಯ ಮನುಷ್ಯ, ಇಳಿದುಬಿಟ್ಟರು. ನೇರ ನನ್ನ ಶಾಲೆಗೆ ಬಂದರು. "ಮೇಷ್ಟ್ರೇ, ನಿಮ್ಮ ಉಪಾಯವು ಬಹಳ ಚೆನ್ನಾಗಿದೆ. ಆದರೆ ಹಡಗಲಿಗೆ ಹೋಗುವುದು ಹೇಗೆ?"

೩. ಬೋರಲು ಬಿದ್ದ ಅಯ್ಯಾರು

ತಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ ಎಂಬ ಕೊರಗು ಅಮ್ಮಾರದಾದರೆ, ಬೇರೆಯವರ ಮನೆಯಲ್ಲಿ ಉಂಡು ಉಂಡು ಸಾಯುವ ಪಾಡು ಅಯ್ಯಾರದು. ತಟ್ಟೆಯಲ್ಲಿ ಬಿಡುವುದು ಅವರ ದೇಶದಲ್ಲಿ ಅವಮಾನ. ಖಾಲಿ ತಟ್ಟೆ ನೋಡಿಕೊಂಡು ಸುಮ್ಮನಿರುವುದು ನಮ್ಮಲ್ಲಿ ಅವಮಾನ. ಇವರು ಮುಗಿಸುವುದು, ಅವರು ಬಡಿಸುವುದು. ಹರಪನಹಳ್ಳಿಯಲ್ಲಿ ಒಂದೇ ಮಧ್ಯಾಹ್ನ ಮೂರು ಮನೆ. ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಅಯ್ಯಾರ ಕೆಂಪು ಮುಖ ಬಿಳಿಚಿಕೊಂಡಿತ್ತು.

ಅವರನ್ನು ಪಾರು ಮಾಡಿದ್ದು ಮಗಳು. ಬೀದಿಯ ಹುಡುಗಿಯರ ಜೊತೆ ಆಡಿ ಆಡಿ ಅವಳು ಅಪ್ಪ ಅಮ್ಮನಿಗಿಂತ ಮೊದಲೇ ಕೊಟ್ಟೂರಿನವಳಾಗಿದ್ದಳು. ಹೋಳಿಗೆ ಬಂದ ಕೂಡಲೇ ತಟ್ಟೆಯ ಮೇಲೆ ಇಡೀ ಮೈ ಬಗ್ಗಿಸಿ, "ಒಲ್ಲೆ ಒಲ್ಲೆ, ನನ್ನ ಹೊಟ್ಟಿ ಒಡೀತೈತಿ!" ಎಂದು ಕೂಗಿದಳು. ಆ ಮನೆಯಾಕೆ ನಕ್ಕು ಮುಂದೆ ಹೋದರು. ಅಯ್ಯಾರು ಅದನ್ನು ಗಮನವಿಟ್ಟು ನೋಡಿದರು.

ಮುಂದಿನ ವಾರ ಹಗರಿಬೊಮ್ಮನಹಳ್ಳಿಯಲ್ಲಿ ಊಟ. ಹೋಳಿಗೆ ಬಂತು. ಆರಡಿಗಿಂತ ಎತ್ತರದ ಅಯ್ಯಾರು, ಒಂದು ಮಾತೂ ಆಡದೆ, ತಟ್ಟೆಯ ಮೇಲೆ ಬೋರಲು ಬಿದ್ದರು. ಮನೆಯಲ್ಲಿ ಹಾಹಾಕಾರ. ಒಬ್ಬರು ಬೀಸಣಿಗೆ ತಂದರು, ಒಬ್ಬರು ಮುಖಕ್ಕೆ ನೀರು ಹೊಡೆದರು. ಅಯ್ಯಾರು ತಲೆ ಎತ್ತಿ "ನನಗೆ ಏನೂ ಆಗಿಲ್ಲ" ಎಂದರೂ ಮನೆಯ ಹಿರಿಯಾಕೆ ನಂಬಲಿಲ್ಲ.

"ಪಾಪ, ಉಂಡಿದ್ದು ಸಾಲ್ದ ತಲಿ ಸುತ್ತಿ ಬಿದ್ದಾರ. ಹಾಕ್ರಿ ಇನ್ನೆರಡು!"

೪. ರೊಟ್ಟಿ ಆಣಿ

ಅಮ್ಮಾರು ಆಮೇಲೂ ಮೂರು ಸಲ ನಮ್ಮನ್ನು ಊಟಕ್ಕೆ ಕರೆದರು. ಮೂರು ಸಲವೂ ನಾವು "ಉಂಡ ಬಂದೀವಿ" ಎಂದೆವು, ಹಸಿದೇ ವಾಪಸು ಹೋದೆವು. "ನಾವು ಬೇಡ ಅಂದಾಗ ಬಡಿಸಿರಿ" ಎಂದು ನಾನೇ ಹೇಳಿದರೆ ಕೇಳಿ ಉಂಡಂತೆ ಆಗುತ್ತದಲ್ಲ ಎಂದು ನನ್ನ ಬಿಗುಮಾನ. ಒಂದು ದಿನ ಅಮ್ಮಾರು ನನ್ನ ಹೆಂಡತಿಯ ಮುಂದೆ ಅತ್ತುಬಿಟ್ಟರಂತೆ. "ನನ್ನ ಕೈ ಅಡುಗೆ ಕೆಟ್ಟದ್ದೋ, ನಾನೇ ನಿಮಗೆ ಬೇಡವೋ, ಹೇಳಿರಿ" ಎಂದರಂತೆ.

ಅವಳು ಮನೆಗೆ ಬಂದು ನನ್ನ ನೀರಿಳಿಸಿದಳು. "ನೂರು ಹುಡುಗ್ರಿಗೆ ಪಾಠ ಹೇಳ್ತೀರಿ, ಇದೊಂದು ಹೇಳಿಕೊಡಾಕ ಆಗಲಿಲ್ಲೇನ್ರಿ ನಿಮಗ?" ಎಂದು, ಮರುದಿನ ತಾನೇ ಅವರ ಅಡುಗೆ ಮನೆಗೆ ಹೋಗಿ ಪಾಠ ಶುರು ಮಾಡಿದಳು. ನಾನೂ ಅಯ್ಯಾರೂ ಬಾಗಿಲಲ್ಲಿ ನಿಂತು ಕೇಳಿದೆವು.

"ಬಡಸ್ಲೇನು ಅಂತ ಕೇಳಬಾರದು ಅಮ್ಮಾರ, ತಂದು ಹಾಕಿಬಿಡಬೇಕು. ಮೊದಲ್ನೇ ಸಲ ಬ್ಯಾಡ ಅನ್ನೋದು ಮರ್ಯಾದಿ. ಎರಡ್ನೇ ಸಲ ನಾಚಿಕಿ. ಮೂರ್ನೇ ಸಲ ಮಕ ನೋಡ್ರಿ. ತಾಟಿನ ಮ್ಯಾಲ ಕೈ ಅಡ್ಡ ಹಿಡದ್ರ ಬೆರಳು ನೋಡ್ರಿ. ಬೆರಳು ಬಿಚ್ಚಿದ್ರ ಸಂದಿನಾಗ ಹಾಕ್ರಿ. ಕೂಡಿಸಿದ್ರ ಬಿಡ್ರಿ. ಯಾವುದಕ್ಕೂ ಬಗ್ಗಲಿಲ್ಲ ಅಂದ್ರ, 'ನನ್ನ ಮ್ಯಾಲ ಆಣಿ' ಅನ್ರಿ."

ಅಮ್ಮಾರು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡರು. ಆಣೆಯ ಮಾತಿಗೆ ಮಾತ್ರ ಅಯ್ಯಾರು ಕೆಮ್ಮಿದರು. ಆಣೆ ಇಡಬಾರದೆಂದು ಹಿಂದಿನ ತಿಂಗಳಷ್ಟೇ ಅವರು ಆರಾಧನೆಯಲ್ಲಿ ಪ್ರಸಂಗ ಮಾಡಿದ್ದರು. ನನ್ನ ಹೆಂಡತಿ ತಿರುಗಿ ಕೂಡ ನೋಡಲಿಲ್ಲ. "ಅದು ಕೋರ್ಟಿನ ಆಣಿ, ಅಯ್ಯಾರ. ಇದು ರೊಟ್ಟಿ ಆಣಿ."

ಮೊದಲ ಪ್ರಯೋಗ ಪೋಸ್ಟ್‌ಮ್ಯಾನ್ ಮೇಲೆ ಆಯಿತು. ಪಾಪ, ಆತ ನಿಜವಾಗಿಯೂ ಉಂಡು ಬಂದಿದ್ದ. ಅಮ್ಮಾರು ಏಲಕ್ಕಿ ಹಾಕಿದ ತಮ್ಮ ದೇಶದ ಸಿಹಿ ಬನ್ನುಗಳನ್ನು ಮರ್ಯಾದೆಗೆ ಒಂದು, ನಾಚಿಕೆಗೆ ಒಂದು, ಮುಖ ನೋಡಿ ಒಂದು, ಆಣೆ ಇಟ್ಟು ಎರಡು ತಿನ್ನಿಸಿದರು. ಆತ ಸೈಕಲ್ಲು ಹತ್ತಲಾರದೆ ತಳ್ಳಿಕೊಂಡು ಹೋದ.

ಮರುದಿನದಿಂದ ಫಿನ್‌ಲೆಂಡಿನ ಕಾಗದಗಳು ಕಾಂಪೌಂಡಿನ ಮೇಲಿಂದ ಹಾರಿ ಬರತೊಡಗಿದವು.

೫. ಪಾತ್ರೆ ಕೇಳಲು ಬಂದವರು

ಕೊನೆಗೂ ಒಂದು ಭಾನುವಾರ ಹನ್ನೊಂದು ಮನೆಯವರಿಗೂ ಒಟ್ಟಿಗೆ ಊಟ ಎಂದಾಯಿತು. ಅಷ್ಟು ಮಂದಿಗೆ ಪಾತ್ರೆ ಇಲ್ಲದೆ ಅಮ್ಮಾರು ಮುಂದಿನ ಭಾಗದಲ್ಲಿದ್ದ ಮನೆಯೊಡತಿಯನ್ನು ಕೇಳಿದ್ದರು. "ಕೋಳಿ ಗೀಳಿ ಬೇಯಿಸಂಗಿದ್ರ ಕೊಡಂಗಿಲ್ಲ" ಎಂದು ಷರತ್ತು ಹಾಕಿಯೇ ಆ ಮುದುಕಿ ದೊಡ್ಡ ಪಾತ್ರೆ ಕೊಟ್ಟರು. ಹಾಗಾಗಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಸಾರು.

ಹಿತ್ತಲಲ್ಲಿ ಸಾಲಾಗಿ ಕೂತೆವು. ಅಮ್ಮಾರು ಯಾರನ್ನೂ ಏನೂ ಕೇಳಲಿಲ್ಲ. ಬಂದರು, ಹಾಕಿದರು, ಮುಂದೆ ಹೋದರು. "ಬ್ಯಾಡ್ರಿ" ಎಂದೆ, ರೊಟ್ಟಿ ಬಿತ್ತು. ಕೈ ಅಡ್ಡ ಹಿಡಿದೆ, ಬೆರಳ ಸಂದಿಯಲ್ಲಿ ಎಣ್ಣೆಗಾಯಿ ಇಳಿಯಿತು. ಅವರು ಬಂದ ಎಂಟು ತಿಂಗಳ ಮೇಲೆ ಮೊದಲ ಸಲ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ. ಅಮ್ಮಾರ ಮುಖ ನೋಡಬೇಕಿತ್ತು. ಸಾರಿನ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗ ಹಿತ್ತಲ ಬಾಗಿಲಲ್ಲಿ ಮನೆಯೊಡತಿ ಕಾಣಿಸಿಕೊಂಡರು. "ನನ್ನ ಪಾತ್ರಿ ಖಾಲಿ ಆತೇನು?"

ಅಮ್ಮಾರು ಸಂತೋಷದಿಂದ ಎದುರು ಹೋದರು. "ಬನ್ನಿ ಅವ್ವಾ, ಊಟಕ್ಕೆ ಕುಳಿತುಕೊಳ್ಳಿ."

ಸಾಲಿನಲ್ಲಿದ್ದ ಎಲ್ಲರ ಕೈಯೂ ನಿಂತಿತು. ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ ಎನ್ನುವುದು ನಮಗೆ ತಮಾಷೆಯ ವಿಷಯ ಅಲ್ಲ. ನನ್ನ ತಾಯಿ ಇಂಥ ಮನೆಗಳ ಮುಂದೆ ಬಾಗಿಲ ಹೊರಗೆ ನಿಂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದವಳು. ಊರ ರಿವಾಜೆಲ್ಲ ಹೇಳಿಕೊಟ್ಟ ನಾನು ಇದೊಂದನ್ನು ಅಮ್ಮಾರಿಗೆ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತು.

"ಬ್ಯಾಡವ್ವ," ಎಂದರು ಮುದುಕಿ. ಅಮ್ಮಾರು ನಕ್ಕರು. ಮರ್ಯಾದೆ.

"ಒಲ್ಲೆ. ನಾ ಹೊರಗ ಏನೂ ಮುಟ್ಟಂಗಿಲ್ಲ." ಅಮ್ಮಾರು ಇನ್ನೂ ನಕ್ಕರು. ನಾಚಿಕೆ.

"ಬ್ಯಾಡ ಅಂದ್ನೆಲ್ಲ!" ಎಂದು ಮುದುಕಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬೆರಳು ನೋಡುವಂತೆಯೇ ಇಲ್ಲ. ಇದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ನಾನು ತಡೆಯಲು ಎದ್ದೆ, ಹೆಂಡತಿ ನನ್ನ ಅಂಗಿ ಹಿಡಿದು ಕೂರಿಸಿದಳು. ಅಮ್ಮಾರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಪುಸ್ತಕದ ಕನ್ನಡವನ್ನೆಲ್ಲ ಬಿಟ್ಟು, ಥೇಟು ನನ್ನ ಹೆಂಡತಿಯ ರಾಗದಲ್ಲೇ ಹೇಳಿದರು:

"ನನ್ನ ಮ್ಯಾಲ ಆಣಿ, ಅವ್ವಾ!"

ಅಯ್ಯಾರು ಆಕಾಶ ನೋಡಿದರು. ಮುದುಕಿ ಅಮ್ಮಾರನ್ನೇ ದಿಟ್ಟಿಸಿದರು. ಆಮೇಲೆ ನಮ್ಮ ಸಾಲನ್ನು, ಈ ತುದಿಯಿಂದ ಆ ತುದಿಯವರೆಗೆ. "ಆಣಿ ಇಡಾದು ಯಾರ್ ಕಲಿಸಿದ್ರವ್ವ ನಿನಗ?" ಎಂದರು. ಅಮ್ಮಾರು ಸೌಟಿನಿಂದ ನನ್ನ ಹೆಂಡತಿಯನ್ನು ತೋರಿಸಿದರು. ಮುದುಕಿ ಸೀರೆಯ ನೆರಿಗೆ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು, ಅವಳ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ನೆಲಕ್ಕೆ ಕೂತರು.

ಒಂದು ರೊಟ್ಟಿ ಬಿತ್ತು, ಎಣ್ಣೆಗಾಯಿ ಬಿತ್ತು. ಮುದುಕಿ ತುತ್ತು ಮುರಿದರು. ನಾವೆಲ್ಲ ಅವರನ್ನೇ ನೋಡುತ್ತ ಕೂತಿದ್ದೆವು.

"ನನ್ನ ಮಕ ಏನ್ ನೋಡ್ತೀರಿ? ಉಣ್ರಿ!"

ಉಂಡೆವು. ನನ್ನ ಹೆಂಡತಿ ಅಳುತ್ತಲೇ ಉಂಡಳು. ನನಗೆ ಅನ್ನದ ರುಚಿ ಏನೂ ತಿಳಿಯಲಿಲ್ಲ, ತಾಯಿಯದೇ ನೆನಪು. ಅವಳು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಅಮ್ಮಾರಿಗೆ ನಾನು ಕಲಿಸಿದ್ದು ಏನೂ ಇಲ್ಲ. ಅವರು ತಿಳಿಯದೆಯೇ ನಮಗೆ ಮಾಡಿದ ಉಪಕಾರಕ್ಕೆ ಇವತ್ತಿಗೂ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಮುದುಕಿ ಎದ್ದು ಕೈ ತೊಳೆದು, ಪಾತ್ರೆ ಕಂಕುಳಿಗೆ ಏರಿಸಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು. "ಬದನಿಕಾಯಿಗೆ ಉಪ್ಪು ಸಾಲ್ದು. ಮುಂದಿನ ಐತಾರ ನಾನ ಬಂದು ಹಾಕ್ತೀನಿ."

ಅಮ್ಮಾರಿಗೆ ಸಂಕೋಚವಾಯಿತು. "ಬೇಡ ಅವ್ವಾ, ನಿಮಗೆ ತೊಂದರೆ."

"ಬ್ಯಾಡ ಅಂದ್ರ ಯಾರ್ ಕೇಳ್ತಾರವ್ವ ಈ ಮನ್ಯಾಗ?"