ಯಡಿಯೂರಿನ ಮಹಾರಾಜರು, ಅವರ ಮನೆಯವರು ಮತ್ತು ನಾನು

ಬಣ್ಣದ ಪೆಟ್ಟಿಗೆ ಹಿಡಿದು ಇಪ್ಪತ್ತೆಂಟು ವರ್ಷವಾಯಿತು. ನಮ್ಮ ಕೆಲಸದಲ್ಲಿ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಾಕು, ಅವೇ ಬಂದು ಕುರ್ಚಿಯ ಮೇಲೆ ಕೂರುತ್ತವೆ. ನನ್ನ ಪಾಲಿಗೆ ಬಂದವುಗಳಲ್ಲಿ ಮುಕ್ಕಾಲು ಭಾಗ ಯಡಿಯೂರು ಕೆರೆಯ ಹತ್ತಿರ ಇರುವ ಗಂಡ ಹೆಂಡತಿ ಇಬ್ಬರಿಂದ ಬಂದವು.

ಗಂಡ ರಂಗಭೂಮಿಯವರು, ವಯಸ್ಸು ಎಪ್ಪತ್ತು ದಾಟಿದೆ. ರಾಜನ ಪಾತ್ರ ಅಂದರೆ ಅವರೇ. ನಾನು ಅವರನ್ನು ಸಾರ್ ಅನ್ನುತ್ತೇನೆ. ಹೆಂಡತಿ ಧಾರಾವಾಹಿಗಳಲ್ಲಿ ಅತ್ತೆ. ಅದೂ ಎಂಥ ಅತ್ತೆ ಅಂದರೆ, ಕತ್ರಿಗುಪ್ಪೆಯಲ್ಲಿ ಅವರು ಸೊಪ್ಪಿಗೆ ಕೈ ಹಾಕಿದರೆ ಸೊಪ್ಪಿನವಳು ಸೊಸೆಯ ಹಾಗೆ ತಲೆ ತಗ್ಗಿಸುತ್ತಾಳೆ. ಅವರನ್ನು ಅಮ್ಮ ಅನ್ನುತ್ತೇನೆ. ಇಬ್ಬರ ಮುಖಕ್ಕೂ ಬಣ್ಣ ಹಚ್ಚುವವನು ನಾನೇ. ನನ್ನ ಕೈಯಲ್ಲೇ ತಯಾರಾದ ಮುಖ, ಆದರೂ ಅದು ಎದ್ದು ನಿಂತು ಮಾತಾಡಿದ ಕೂಡಲೇ ಕೈ ಮುಗಿಯಬೇಕು ಅನ್ನಿಸುತ್ತದೆ.

ಇರುವೆ

ಒಂದು ಧಾರಾವಾಹಿಯಲ್ಲಿ ಸಾರ್ ಎರಡು ವರ್ಷ ತಾತನಾಗಿದ್ದರು. ಆಮೇಲೆ ಕಥೆಯಲ್ಲಿ ತಾತ ಸಾಯುವ ದಿನ ಬಂತು. ಇಟ್ಟಮಡುವಿನ ಒಂದು ಮನೆಯ ಮುಂದೆ ಚಾಪೆ ಹಾಸಿ ಮಲಗಿಸಿ, ಮೂಗಿಗೆ ಹತ್ತಿ ಇಟ್ಟು, ಹಾರ ಹಾಕಿದೆವು. ಕ್ಯಾಮೆರಾ ಓಡುತ್ತಿತ್ತು. ಹಾರದಿಂದ ಒಂದು ಕೆಂಪಿರುವೆ ಇಳಿಯಿತು. ಕುತ್ತಿಗೆ ದಾಟಿತು, ಕೆನ್ನೆ ಹತ್ತಿತು, ನೇರ ಕಣ್ಣಿನ ರೆಪ್ಪೆಯ ಮೇಲೆ ಹೋಗಿ ನಿಂತಿತು. ನನ್ನ ಉಸಿರು ನಿಂತಿತು. ಸಾರ್‌ದು ಮೊದಲೇ ನಿಂತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಜನ ಬರದಂತೆ ಕಟ್ಟಿದ್ದ ಹಗ್ಗ ದಾಟಿ ಒಳಗೆ ಬಂದು ಸಾರ್ ತಲೆಯ ಹತ್ತಿರ ಕೂತರು. ಶೂಟಿಂಗ್ ಅಂತ ಅವರಿಗೆ ಗೊತ್ತು, ಬೆಳಿಗ್ಗೆಯಿಂದ ಕಿಟಕಿಯಲ್ಲಿ ನೋಡುತ್ತಲೇ ಇದ್ದರು. ಆದರೂ ತಡೆಯಲಾಗಲಿಲ್ಲ. "ದಿನಾ ಸಾಯಂಕಾಲ ನಿಮ್ಮನ್ನ ನೋಡ್ಕೊಂಡೇ ಕಾಫಿ ಕುಡೀತಿದ್ದೆ. ನಾಳೆಯಿಂದ ಯಾರನ್ನ ನೋಡ್ಲಿ?" ಅಂತ ಅಳತೊಡಗಿದರು. ಕಟ್ ಮಾಡಬೇಡಿ ಅಂತ ನಿರ್ದೇಶಕರು ಕೈಸನ್ನೆ ಮಾಡಿದರು. ಇರುವೆ ಅಲ್ಲೇ ಕಚ್ಚಿತು. ರೆಪ್ಪೆ ಕೆಂಪಾಗಿದ್ದು ನನಗೆ ಕಂಡಿತು, ಅದುರಿದ್ದು ಕಾಣಲಿಲ್ಲ.

ಕಟ್ ಅಂದ ಮೇಲೆ ಓಡಿ ಹೋಗಿ ಇರುವೆ ತೆಗೆದೆ. "ಹೇಗ್ ತಡ್ಕೊಂಡ್ರಿ ಸಾರ್?" ಅಂದೆ.

"ಸತ್ತವನಿಗೆ ಇರುವೆ ಕಚ್ಚಿದ್ದು ಗೊತ್ತಾಗುತ್ತೇನಯ್ಯಾ?" ಅಂದರು.

ಅಜ್ಜಿ ಕಣ್ಣೊರೆಸಿಕೊಂಡು ಕೇಳಿದರು: "ಎದ್ರಾ? ಒಳ್ಳೇದಾಯ್ತು. ಹಂಗಾದ್ರೆ ನಾಳೆನೂ ಬರ್ತೀರಾ?"

"ಬರ್ತೀನಮ್ಮ. ಆದ್ರೆ ನಾಳೆಯಿಂದ ಫೋಟೋದಲ್ಲಿ ಬರ್ತೀನಿ."

ರಿಹರ್ಸಲ್

ಒಂದು ಭಾನುವಾರ ಅವರ ಮನೆಗೆ ಹೋದಾಗ ಒಳಗೆ ಗಂಡ ಹೆಂಡತಿ ಜೋರಾಗಿ ಜಗಳವಾಡುತ್ತಿದ್ದರು. ವಿಷಯ ಇಷ್ಟೇ: ಗ್ಯಾಸ್ ಮೇಲೆ ಹಾಲಿಟ್ಟು ಸಾರ್ ಕೆರೆಯ ಸುತ್ತ ವಾಕಿಂಗ್ ಹೋಗಿಬಿಟ್ಟಿದ್ದರು. ಆದರೆ ಇಬ್ಬರ ಗಂಟಲೂ ಎಂಥದು ಅಂದರೆ, ಒಂದು ಲೀಟರ್ ಹಾಲಿನ ಜಗಳ ಒಂದು ಸಾಮ್ರಾಜ್ಯ ಮುಳುಗಿದ ಹಾಗೆ ಕೇಳಿಸುತ್ತಿತ್ತು. ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಬೆಲ್ ಮಾಡಿದೆ. ಅಮ್ಮ ಬಾಗಿಲು ತೆಗೆದ ಕೂಡಲೇ ಅವರು ಎದ್ದು ಬಂದು, "ಅದ್ಭುತವಾಗಿತ್ತು ಮೇಡಂ. ಪ್ರದರ್ಶನ ಯಾವಾಗ?" ಅಂದರು.

ಅಮ್ಮ ಸೆರಗು ಸರಿ ಮಾಡಿಕೊಂಡರು. "ಗೊತ್ತಿಲ್ಲ ಸಾರ್. ನಲವತ್ತೆರಡು ವರ್ಷದಿಂದ ಬರೀ ರಿಹರ್ಸಲ್ಲೇ ನಡೀತಿದೆ."

ಒಂದು ಒಳ್ಳೆ ಮಾತು

ನಾನು ಹಚ್ಚಿದ ಕಾಡಿಗೆಯಿಂದ ಅಮ್ಮನ ಕಣ್ಣು ಉರಿಯತೊಡಗಿ, ಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿ ಚೀಟಿ ಬರೆಯುವ ಹುಡುಗಿ ಅಮ್ಮನನ್ನು ಗುರುತಿಸಿದಳು. ಧಾರವಾಡದ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ, ಮದುವೆಯಾಗಿ ವರ್ಷವಾಗಿತ್ತು. ಆಟೋಗ್ರಾಫ್ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ.

"ಅಮ್ಮಾರ, ಒಂದ್ ಮಾತ್ ಹೇಳ್ಲೇನ್ರಿ? ನಮ್ಮ ಅತ್ತಿ ದಿನಾ ನಿಮ್ಮ ಸೀರಿಯಲ್ ನೋಡ್ತಾರ್ರಿ. ನೀವು ಸಂಜಿಮುಂದ ಸೊಸಿಗೆ ಏನ್ ಅಂತೀರಿ, ಮುಂಜಾನೆದ್ದು ಅವ್ರು ನನಗ ಅದನ್ನ ಅಂತಾರ್ರಿ. ಒಂದ್ಸಲರೆ ಸೊಸಿಗೆ ಏನರ ಚಲೋ ಮಾತ್ ಹೇಳ್ರಿ."

ಅವಳು ನಗುತ್ತಲೇ ಹೇಳಿದಳು, ಆದರೆ ಕಣ್ಣಲ್ಲಿ ನೀರಿತ್ತು. ಅಮ್ಮ ಮಾರನೆಯ ದಿನ ಸೆಟ್ಟಿನಲ್ಲಿ ಸಂಭಾಷಣೆ ಬರೆಯುವವರನ್ನು ಹಿಡಿದು ಕೂತರು. ಪಾತ್ರ ಕೆಡುತ್ತೆ ಅಂತ ಅವರು ಎಷ್ಟು ಹೇಳಿದರೂ ಅಮ್ಮ ಬಿಡಲಿಲ್ಲ. ಕೊನೆಗೆ ಒಂದೇ ಒಂದು ಸಾಲು ಸಿಕ್ಕಿತು: "ಊಟ ಮಾಡಿದ್ಯೇನಮ್ಮ? ಬಾ, ಇಬ್ರೂ ಕೂತ್ಕೊಳ್ಳೋಣ." ಅಮ್ಮ ಆ ಸಾಲು ಹೇಳಿದ ರೀತಿಗೆ ಲೈಟ್ ಹಿಡಿದವರೂ ಕಣ್ಣೊರೆಸಿಕೊಂಡರು. ಸೊಸೆಯ ಪಾತ್ರದವಳು ತನ್ನ ಮಾತನ್ನೇ ಮರೆತಳು.

ಅದು ಪ್ರಸಾರವಾದ ವಾರ ಮತ್ತೆ ಕ್ಲಿನಿಕ್ಕಿಗೆ ಹೋದೆವು. ಅಮ್ಮ ಒಳಗೆ ಕಾಲಿಡುತ್ತಲೇ, "ನೋಡಿದ್ರಾ ನಿಮ್ಮತ್ತೆ?" ಅಂದರು.

"ನೋಡಿದ್ರು ರೀ ಅಮ್ಮಾರ."

"ಏನಂದ್ರು?"

ಹುಡುಗಿ ಸಂಕೋಚದಿಂದ ಹೇಳಿದಳು: "ಟಿವಿ ಬಂದ್ ಮಾಡಿದ್ರು ರೀ. 'ಈಕಿಗೆ ಈಗೀಗ ಆಕ್ಟಿಂಗ ಬರಂಗಿಲ್ಲ' ಅಂದ್ರು."

ಅರಸನ ಕಿವಿ

ಜೆಪಿ ನಗರದ ಒಂದು ರಂಗಮಂದಿರದಲ್ಲಿ ಸಾರ್ ನಾಟಕ. ರಾಜ್ಯ ಬಿಟ್ಟು ಹೋಗುವ ಅರಸ. ಕೊನೆಯಲ್ಲಿ ಕಿರೀಟ ತೆಗೆದಿಟ್ಟು ಒಂದು ಸಾಲು ಹೇಳಬೇಕು: "ನಾನು ಗೆದ್ದ ನೆಲ ನನ್ನದಾಗಲಿಲ್ಲ, ನಾನು ಬಿಟ್ಟ ನೆಲ ನನ್ನನ್ನು ಬಿಡಲಿಲ್ಲ." ರಿಹರ್ಸಲಿನಲ್ಲಿ ಮೂರು ಸಲ ಆ ಸಾಲೇ ಅವರಿಗೆ ನೆನಪಾಗಿರಲಿಲ್ಲ. ನಿರ್ದೇಶಕರು, ಇನ್ನೂ ವಯಸ್ಸು ಚಿಕ್ಕದು, ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತೂ ಮರೆತ್ರೆ ಮುಂದಿನ ಶೋಗೆ ಬೇರೆಯವರನ್ನ ನೋಡ್ಬೇಕಾಗುತ್ತೆ. ನೀವು ಸೈಡ್‌ವಿಂಗಲ್ಲಿ, ಪರದೆ ಮರೆಗೆ ನಿಂತು ಹೇಳ್ಕೊಡಿ" ಅಂದರು.

ಗಡ್ಡ ಅಂಟಿಸುವಾಗ ಸಾರ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅವರಿಗೂ ವಿಷಯ ಗೊತ್ತಾಗಿತ್ತು. "ಮರೆತ್ರೆ ಹೇಳ್ಕೊಡ್ತೀಯೇನೋ?"

"ಹೇಳ್ಕೊಡ್ತೀನಿ ಸಾರ್."

"ನನ್ನ ಕಿವಿ ಬೇರೆ ಮಂದ. ಕೇಳಿಸ್ದೇ ಇದ್ರೆ?"

ನಾನು ಗಡ್ಡದ ಅಂಚನ್ನು ಇನ್ನೊಮ್ಮೆ ಒತ್ತಿದೆ.

ಹಾಗೇ ಆಯಿತು. ಕಿರೀಟ ತೆಗೆದಿಟ್ಟರು, ನಿಂತರು, ಮಾತಿಲ್ಲ. ನಾನು ಪಿಸುಗುಟ್ಟಿದೆ. ಇನ್ನೂ ಜೋರಾಗಿ ಹೇಳಿದೆ. ಸಭೆಯ ಮೊದಲ ಸಾಲಿನವರಿಗೆ ಕೇಳಿಸಿತು, ಸಾರ್‌ಗೆ ಕೇಳಿಸಲಿಲ್ಲ. ಮುಗಿಯಿತು ಅಂದುಕೊಂಡೆ. ಆಗ ಅವರು ಅರಸನ ನಡಿಗೆಯಲ್ಲೇ ನಿಧಾನವಾಗಿ ವಿಂಗಿಗೆ ಬಂದು, ನನ್ನ ಕೈ ಹಿಡಿದು, ಏಪ್ರನ್ ಹಾಕಿ ಬ್ರಷ್ ಹಿಡಿದಿದ್ದ ನನ್ನನ್ನು ರಂಗದ ನಡುವೆ ತಂದು ನಿಲ್ಲಿಸಿದರು. "ಇಷ್ಟು ವರ್ಷ ಅರಸ ಮಾತಾಡಿದ, ನೀನು ಕೇಳಿದೆ. ಇವತ್ತು ನೀನು ಹೇಳು" ಅಂದು ಕಿವಿ ಬಾಗಿಸಿದರು. ನಾನು ಆ ಸಾಲು ಹೇಳಿದೆ. ಅವರು ಎದೆ ಸೆಟೆಸಿ ಸಭೆಗೆ ತಿರುಗಿ ಅದನ್ನು ನುಡಿದಾಗ ನನ್ನ ಮೈಯೆಲ್ಲ ಜುಂ ಅಂದಿತು. ಸಭೆಯೆಲ್ಲ ಎದ್ದು ನಿಂತಿತು.

ಆಮೇಲೆ ಒಬ್ಬ ಹಿರಿಯರು ಒಳಗೆ ಬಂದು, "ಅರಸ ಪ್ರಜೆಯ ಹತ್ತಿರ ಮಾತು ಬೇಡೋದು, ಎಂಥ ಕಲ್ಪನೆ" ಅಂದರು. ನಿರ್ದೇಶಕರು ಗಂಭೀರವಾಗಿ, "ಅದಕ್ಕೆ ತುಂಬಾ ದಿನ ತಲೆ ಕೆಡಿಸ್ಕೊಂಡಿದ್ವಿ ಸಾರ್" ಅಂದರು. ಸಾರ್ ಪಾತ್ರ ಉಳಿಯಿತು. ನನಗೂ ಒಂದು ಪಾತ್ರ ಸಿಕ್ಕಿತು.

ಮುಂದಿನ ಪ್ರದರ್ಶನದ ತನಕ ಸ್ಕೂಟರ್ ಓಡಿಸುತ್ತಾ ಆ ಸಾಲನ್ನೇ ಬಾಯಿಪಾಠ ಮಾಡಿದೆ. ಆ ದಿನ ಅಮ್ಮನೇ ನನ್ನ ಮುಖಕ್ಕೆ ಬಣ್ಣ ಹಚ್ಚಿದರು. ರಂಗದ ನಡುವೆ ಬಂದೆ, ಬೆಳಕು ಮುಖಕ್ಕೆ ಹೊಡೆಯಿತು, ಸಾರ್ ಕಿವಿ ಬಾಗಿಸಿದರು. ನನಗೆ ನನ್ನ ಹೆಸರೂ ನೆನಪಿರಲಿಲ್ಲ.

"ಸಾರ್, ಮರೆತೋಯ್ತು" ಅಂತ ಪಿಸುಗುಟ್ಟಿದೆ.

"ಆಂ?" ಅಂದರು.

"ಮರೆತೋಯ್ತು ಸಾರ್" ಅಂದೆ. ಕೊನೆಯ ಸಾಲಿನವರಿಗೂ ಕೇಳಿಸಿತು.

ಸಾರ್ ನನ್ನ ಹೆಗಲ ಮೇಲೆ ಕೈಯಿಟ್ಟು ಸಭೆಗೆ ತಿರುಗಿ, "ಪ್ರಜೆ ಮರೆತ. ಅರಸನಿಗೆ ನೆನಪಿದೆ" ಅಂದು, ಒಂದಕ್ಷರ ತಪ್ಪದೆ ಆ ಸಾಲು ನುಡಿದರು. ಚಪ್ಪಾಳೆ ನಿಲ್ಲಲೇ ಇಲ್ಲ.

ನಿರ್ದೇಶಕರು ಓಡಿ ಬಂದು, ಇನ್ನು ಮುಂದೆ ಪ್ರಜೆ ಮರೆಯೋದನ್ನೇ ಇಟ್ಟುಕೊಳ್ಳೋಣ ಅಂದರು. ಅದಾದ ಮೇಲೆ ಆರು ಪ್ರದರ್ಶನವಾಗಿದೆ. ಸಾರ್ ಒಮ್ಮೆಯೂ ಮರೆತಿಲ್ಲ. ನನ್ನ ಮೇಲೆ ಮಾತ್ರ ಪ್ರತಿ ಸಲ ನಿರ್ದೇಶಕರದು ಒಂದೇ ದೂರು: ನಿಜವಾಗಿ ಮರೆತ ಹಾಗೆ ಕಾಣಿಸುವುದಿಲ್ಲವಂತೆ.